ವೈರ್ ಸುತ್ತುವವರ ಪರಿಚಯ

ಕಳೆದ ತಿಂಗಳು ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಒಂದು ನಾಟಕ. ಪರದೆ ಬಿದ್ದು ಐದು ನಿಮಿಷವೂ ಆಗಿರಲಿಲ್ಲ, ಎರಡು ದೃಶ್ಯಗಳಲ್ಲಿ ಬಂದು ಹೋಗುವ ಸೇವಕನ ಪಾತ್ರ ಮಾಡಿದ್ದ ಹುಡುಗ ಬಣ್ಣವನ್ನೂ ಒರೆಸಿಕೊಳ್ಳದೆ ಕೆಳಗೆ ಧುಮುಕಿದ. ಮುಂದಿನ ಸಾಲಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಧಾರಾವಾಹಿ ನಿರ್ದೇಶಕರೊಬ್ಬರು ಕುಳಿತಿದ್ದರು. ಅವರೊಂದಿಗೆ ಸೆಲ್ಫಿ, ಆಮೇಲೆ ನಂಬರು, ಆಮೇಲೆ ಕಾಲಿಗೆ ನಮಸ್ಕಾರ. ಇತ್ತ ರಂಗದ ಮೇಲೆ ಬೆಳಕಿನವರು, ಅರವತ್ತು ದಾಟಿದವರು, ಒಬ್ಬರೇ ನಿಂತು ಮೊಣಕೈಯಿಂದ ಅಂಗೈಗೆ ವೈರ್ ಸುತ್ತುತ್ತಿದ್ದರು. ಹುಡುಗ ಓಡುವಾಗ ಆ ವೈರನ್ನೇ ದಾಟಿಕೊಂಡು ಹೋಗಿದ್ದ.

ರಾತ್ರಿ ಹನ್ನೊಂದಕ್ಕೆ ನನ್ನ ಮೊಬೈಲಿಗೆ ಆ ಫೋಟೊ ಬಂತು. ಕೆಳಗೆ ಒಂದು ಸಾಲು: ‘ಸರ್, ಕಾಂಟ್ಯಾಕ್ಟ್ ಆಯಿತು.’

ಅವನನ್ನು ಹಾಸ್ಯ ಮಾಡಲು ಇದನ್ನು ಬರೆಯುತ್ತಿಲ್ಲ. ಇಂಥ ಫೋಟೊಗಳು ನನ್ನ ಬಳಿಯೂ ಒಂದು ಡಬ್ಬಿಯಷ್ಟಿವೆ, ಮೊಬೈಲ್ ಇಲ್ಲದ ಕಾಲದವು, ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ತೊಳೆಸಿದವು. ಅದರಲ್ಲಿರುವ ಒಬ್ಬರೂ ನನಗೆ ಒಂದು ಮಾತಿನ ಪಾತ್ರವನ್ನು ಕೊಡಿಸಲಿಲ್ಲ. ಅವರದೇನೂ ತಪ್ಪಿಲ್ಲ. ದಿನಕ್ಕೆ ಇಪ್ಪತ್ತು ಜನ ಹೆಗಲಿಗೆ ಹೆಗಲು ತಾಗಿಸಿ ನಿಂತು ಹೋದರೆ ಯಾರ ಹೆಗಲು ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಆ ಕಲಾಮಂದಿರಕ್ಕೆ ಹೆಸರು ಕೊಟ್ಟ ನಟ ಬಳ್ಳಾರಿ ರಾಘವರ ಹೆಸರೆತ್ತಿದರೆ ನಮ್ಮ ಊರಿನವರಿಗೆ ಮೊದಲು ನೆನಪಾಗುವುದು ಅವರು ಇಂಗ್ಲೆಂಡಿಗೆ ಹೋಗಿ ನಾಟಕಕಾರ ಬರ್ನಾರ್ಡ್ ಷಾ ಅವರನ್ನು ಭೇಟಿಯಾದ ಕಥೆ. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದನ್ನು ಹೇಳುವ ಧಾಟಿಯೂ ಸೆಲ್ಫಿಯ ಧಾಟಿಯೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇಂಗ್ಲೆಂಡಿನದಲ್ಲ, ಇದೇ ಊರಿನ ಸಂಗತಿ. ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲಿ ಸರಸ ವಿನೋದಿನಿ ಸಭಾ ಎಂಬ ನಾಟಕ ತಂಡ ನಡೆಸುತ್ತಿದ್ದರು. ಅದೇ ಬಳ್ಳಾರಿಯಲ್ಲಿ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಇತ್ತು. ಎರಡಕ್ಕೂ ಪೈಪೋಟಿ. ಮನೆಯಲ್ಲೇ ಮಾವನ ತಂಡ ಇದ್ದೂ ರಾಘವರು ಕೋಲಾಚಲಂ ಅವರ ನಾಟಕಗಳಲ್ಲಿ ಅಭಿನಯಿಸಿದರು. ಅವರಿಗೆ ಹೆಸರು ತಂದ ಪಠಾಣ ರುಸ್ತುಂ ಪಾತ್ರ ಕೋಲಾಚಲಂ ಬರೆದದ್ದು. 1880ರಲ್ಲಿ ಹುಟ್ಟಿದ ಒಬ್ಬ ವಕೀಲ, ಇಬ್ಬರು ವಕೀಲರ ಎರಡು ತಂಡಗಳ ನಡುವೆ ಓಡಾಡಿಕೊಂಡು ನಟನಾದ. ಷಾ ಅವರ ಭೇಟಿ ಆಮೇಲಿನದು. ಅದಕ್ಕೆ ಮೊದಲು ಇಲ್ಲಿನ ತಾಲೀಮು ಕೋಣೆಗಳಲ್ಲಿ ಎಷ್ಟು ಸಂಜೆಗಳು ಕಳೆದಿರಬೇಕು. ಅದರ ಫೋಟೊ ಯಾರ ಬಳಿಯೂ ಇಲ್ಲ.

ಇನ್ನು ನನ್ನ ಕಥೆ. ನಾನು ಸಿರುಗುಪ್ಪ ಕಡೆಯ ಹಳ್ಳಿಯವನು. ಭತ್ತದ ಕೊಯ್ಲು ಮುಗಿದು ಜಾತ್ರೆ ಬಂತೆಂದರೆ ಗೋಡೆಗಳ ಮೇಲೆಲ್ಲ ‘ಎಂಬ ಸುಂದರ ಸಾಮಾಜಿಕ ನಾಟಕ’ದ ಪೋಸ್ಟರ್. ಈ ಭಾಗದವರಿಗೆ ಗೊತ್ತಿರುವ ವಿಷಯವನ್ನು ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ನಟನಿಗೆ ಸಂಭಾವನೆ ಇಲ್ಲ, ನಟನೇ ದುಡ್ಡು ಹಾಕಬೇಕು. ಹೀರೊಗೆ ಇಷ್ಟು, ವಿಲನ್‌ಗೆ ಇಷ್ಟು, ಹಾಸ್ಯಕ್ಕೆ ಸ್ವಲ್ಪ ಕಡಿಮೆ. ಆ ಹಣದಲ್ಲಿ ನಾಟಕ ಕಲಿಸುವ ಮಾಸ್ತರರ ಗೌರವಧನ, ಸೀನರಿ ಬಾಡಿಗೆ, ಮೈಕು, ಹಾರ್ಮೋನಿಯಂ, ತಬಲಾ, ಊರ ಹೊರಗಿನಿಂದ ಕರೆಸುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ. ನಾನು ಮೊದಲ ಪಾತ್ರಕ್ಕೆ ಕಟ್ಟಿದ್ದು ಎರಡು ಸಾವಿರ ರೂಪಾಯಿ, ಅಪ್ಪನಿಗೆ ಗೊಬ್ಬರದ ಲೆಕ್ಕ ಹೇಳಿ.

ಈ ಪದ್ಧತಿಯ ಬಗ್ಗೆ ನನಗೆ ಅಸಮಾಧಾನವಿಲ್ಲ. ನಾಟಕದ ಮರುದಿನ ಗುಡಿಯ ಕಟ್ಟೆಯ ಮೇಲೆ ಜಮಾ ಖರ್ಚು ಓದುತ್ತಾರೆ, ಐವತ್ತು ರೂಪಾಯಿ ಹೆಚ್ಚುಕಡಿಮೆಯಾದರೆ ಜಗಳ ಹತ್ತುತ್ತದೆ. ಆದರೆ ಇದರಿಂದ ನಮ್ಮ ಹುಡುಗರಿಗೆ ಒಂದು ಅಭ್ಯಾಸ ಅಂಟಿದೆ. ಪಾತ್ರಕ್ಕೆ ದುಡ್ಡು ಕೊಡುವುದು ಸಹಜ ಎಂದು ಅವರ ರಕ್ತಕ್ಕೇ ಇಳಿದುಬಿಟ್ಟಿದೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದವನಿಗೆ ಯಾರೋ ‘ಕೋಆರ್ಡಿನೇಟರ್’ ಸಿಕ್ಕು, ‘ಪೋರ್ಟ್‌ಫೋಲಿಯೊಗೆ ಇಷ್ಟು, ಗುರುತಿನ ಚೀಟಿಗೆ ಇಷ್ಟು, ಹೀರೊನ ಗೆಳೆಯನ ಪಾತ್ರಕ್ಕೆ ಇಷ್ಟು’ ಎಂದರೆ ಮೈಸೂರಿನ ಹುಡುಗನಿಗೆ ಬರುವ ಅನುಮಾನ ಸಿರುಗುಪ್ಪದವನಿಗೆ ಬರುವುದಿಲ್ಲ. ನನಗೆ ಬರಲಿಲ್ಲ. ಹದಿನೈದು ಸಾವಿರ ಹೋಯಿತು. ಅಲ್ಲಿ ಜಮಾ ಖರ್ಚು ಓದುವ ಗುಡಿಯ ಕಟ್ಟೆ ಇರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಊರಿನಲ್ಲಿ ನಾವು ಕೊಡುವುದು ನಮ್ಮದೇ ನಾಟಕದ ಖರ್ಚು. ಸಿನಿಮಾದಲ್ಲಿ, ಧಾರಾವಾಹಿಯಲ್ಲಿ ನಟನಿಗೆ ಕೂಲಿ ಕೊಡಬೇಕಾದವನು ನಿರ್ಮಾಪಕ. ನಟನಿಂದಲೇ ಕೇಳುವವನು ನಾಟಕ ಆಡುತ್ತಿದ್ದಾನೆ, ಮತ್ತು ನಿಮಗಿಂತ ಚೆನ್ನಾಗಿ ಆಡುತ್ತಿದ್ದಾನೆ.

ನನಗೆ ಸಂಬಳದ ಮೊದಲ ಪಾತ್ರ ಕೊಡಿಸಿದವರು ಯಾರೆಂದರೆ, ಆ ಮೊದಲ ನಾಟಕಕ್ಕೆ ಬಳ್ಳಾರಿಯಿಂದ ಬಂದಿದ್ದ ನಟಿ. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ನಾಟಕ ಮುಗಿದಾಗ ಬೆಳಗಿನ ಜಾವ ಮೂರೂವರೆ. ಊರ ಹುಡುಗರೆಲ್ಲ ಚಪ್ಪಾಳೆಯ ಅಮಲಿನಲ್ಲಿದ್ದರು. ಮಾಸ್ತರರು ನನ್ನನ್ನು ಕರೆದು, ಆಕೆಯ ಟ್ರಂಕನ್ನು ಬಸ್ ನಿಲ್ದಾಣಕ್ಕೆ ತಲುಪಿಸು ಎಂದರು. ಹೀರೊ ಮಾಡಿದವನಿಗೆ ಟ್ರಂಕು! ಗೊಣಗುತ್ತಲೇ ಹೊತ್ತೆ. ಬಸ್ ಬರುವವರೆಗೆ ಅಲ್ಲೇ ನಿಂತೆ, ಒಳ್ಳೆಯತನದಿಂದಲ್ಲ, ಮಾಸ್ತರರು ಬೈಯುತ್ತಾರೆ ಎಂದು. ಆರು ವರ್ಷಗಳ ನಂತರ ಆಕೆಯ ಫೋನ್. ಒಂದು ತಂಡದಲ್ಲಿ ಒಬ್ಬ ನಟ ಜ್ವರ ಬಿದ್ದು ಮಲಗಿದ್ದಾನೆ, ನಾಲ್ಕು ದಿನದಲ್ಲಿ ಮಾತು ಕಲಿಯುತ್ತೀಯಾ ಎಂದು. ನನ್ನ ಅಭಿನಯ ಅಷ್ಟು ನೆನಪಿದೆಯೇ ಎಂದು ಹಿಗ್ಗಿ ಕೇಳಿದೆ. ‘ಅಭಿನಯ ನೆನಪಿಲ್ಲಪ್ಪ. ಬಸ್ ಬರುವವರೆಗೆ ನಿಂತಿದ್ದೆಯಲ್ಲ, ನಿಂತು ಒಂದೂ ಕೆಟ್ಟ ಮಾತಾಡಲಿಲ್ಲ, ಅದು ನೆನಪಿದೆ’ ಎಂದರು.

ಈ ಮಾತನ್ನು ನಾನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಅವಮಾನವೆನಿಸಿತ್ತು.

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ರಂಗದ ಸಂಪರ್ಕ ಯಾರ ಬಳಿ ಇದೆ ಎಂದು ಕೇಳಿದರೆ ನನ್ನ ಉತ್ತರ ಈ ನಟಿಯರು. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರ್ ಅವರಂಥ ದೊಡ್ಡ ಹೆಸರು ಎಲ್ಲರಿಗೂ ಗೊತ್ತು. ಹೆಸರಿಲ್ಲದವರು ಇನ್ನೂ ಎಷ್ಟೋ ಜನ. ಹತ್ತಾರು ನಾಟಕಗಳ ಮಾತು ಬಾಯಿಪಾಠ, ಇವತ್ತು ಸಿಂಧನೂರು, ನಾಳೆ ಗಂಗಾವತಿ, ನಾಡಿದ್ದು ಕುರುಗೋಡು. ಯಾವ ಊರಿನ ಮಾಸ್ತರರು ತಾಳ ತಪ್ಪುವುದಿಲ್ಲ, ಯಾವ ಸೀನರಿಯವನು ಹೊತ್ತಿಗೆ ಬರುತ್ತಾನೆ, ಯಾವ ಹುಡುಗ ಕುಡಿದು ರಂಗಕ್ಕೆ ಬಂದ, ಎಲ್ಲವೂ ಅವರಿಗೆ ಗೊತ್ತು. ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ನಮ್ಮ ಹುಡುಗರಲ್ಲಿ ಕೆಲವರು ಅವರ ನಂಬರು ಇಟ್ಟುಕೊಂಡು ರಾತ್ರಿ ಹತ್ತರ ಮೇಲೆ ಫೋನ್ ಮಾಡುತ್ತಾರೆ. ತಾವು ಮುಚ್ಚಿಟ್ಟಿದ್ದೇವೆ ಎಂದುಕೊಂಡಿರುತ್ತಾರೆ. ಸಿರುಗುಪ್ಪದಿಂದ ಮಾನ್ವಿಯವರೆಗೆ ಎಲ್ಲರಿಗೂ ತಿಳಿದಿರುತ್ತದೆ, ಅವನೊಬ್ಬನಿಗೆ ತಿಳಿದಿರುವುದಿಲ್ಲ.

ನಟಿಯಾಗಬೇಕೆಂದು ನನಗೆ ಬರೆಯುವ ಹೆಣ್ಣುಮಕ್ಕಳಿಗೂ ಇದನ್ನೇ ಹೇಳುತ್ತೇನೆ: ನಿರ್ದೇಶಕನ ಬಗ್ಗೆ ನಿರ್ದೇಶಕನನ್ನೇ ಕೇಳಬೇಡಿ, ಅವನ ಜೊತೆ ಕೆಲಸ ಮಾಡಿದ ಹೆಂಗಸರನ್ನು ಕೇಳಿ. ಹೋಟೆಲ್ ಕೋಣೆಗೆ ಕರೆಯುವ ಆಡಿಷನ್ ಆಡಿಷನ್ ಅಲ್ಲ.

ಹಾಗಾದರೆ ದೊಡ್ಡವರನ್ನು ಮಾತನಾಡಿಸಲೇಬಾರದೇ ಎಂದು ಕೇಳುತ್ತೀರಿ. ಮಾತನಾಡಿಸಿ. ಆದರೆ ಮಾತನಾಡಲು ಏನಾದರೂ ಇರಲಿ. ನಾನು ನೋಡಿದ ಮಟ್ಟಿಗೆ ಪಾತ್ರ ಹಂಚುವವರಿಗೆ ಬೇಕಾಗಿರುವುದು ತೀರ ಸಾಮಾನ್ಯ ಸಂಗತಿಗಳು: ಫಿಲ್ಟರ್ ಹಾಕದ ಎರಡು ಫೋಟೊ, ಎತ್ತರ, ಬರುವ ಭಾಷೆಗಳು, ಒಂದು ನಿಮಿಷದ ವಿಡಿಯೊ, ಯಾವ ತಾರೀಕು ಬಿಡುವು ಎನ್ನುವುದು. ಬಳ್ಳಾರಿಯವರಿಗೆ ಕನ್ನಡದ ಜೊತೆ ತೆಲುಗು ಬರುತ್ತದೆ, ಓಣಿಯ ಪುಣ್ಯದಿಂದ ಉರ್ದುವೂ ಅಷ್ಟಿಷ್ಟು. ಅದನ್ನು ಬರೆಯಲು ಯಾಕೆ ನಾಚಿಕೆಯೋ ತಿಳಿಯದು. ಒಮ್ಮೆ ಕಳಿಸಿದ ಮೇಲೆ ಸುಮ್ಮನಿರಿ. ಹೊಸ ನಾಟಕ ಮಾಡಿದಾಗ ಮತ್ತೊಮ್ಮೆ ತಿಳಿಸಿ. ಪ್ರತಿದಿನ ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ‘ಶುಭೋದಯ’ ಕಳಿಸುವುದಕ್ಕೆ ಸಂಪರ್ಕ ಎನ್ನುವುದಿಲ್ಲ. ನನಗೇ ಇಂಥವು ದಿನಕ್ಕೆ ಒಂಬತ್ತು ಬರುತ್ತವೆ, ನಾನೇನು ದೊಡ್ಡವನಲ್ಲ.

ತಾರೀಕಿನ ಮಾತು ಬಂದಿದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಕೊಪ್ಪಳ ಕಡೆಯ ಹಳ್ಳಿಯೊಂದರಲ್ಲಿ ಎರಡು ತಿಂಗಳು ತಾಲೀಮು ಮಾಡಿದ್ದ ಹುಡುಗ ಜಾತ್ರೆಯ ಹಿಂದಿನ ದಿನ ಧಾರಾವಾಹಿಯ ಒಂದು ದಿನದ ಶೂಟಿಂಗ್ ಸಿಕ್ಕಿತೆಂದು ಬೆಂಗಳೂರಿಗೆ ಹೋದ. ಅಲ್ಲಿ ಮದುವೆಯ ದೃಶ್ಯದಲ್ಲಿ ಅಕ್ಷತೆ ಹಾಕಿದ, ಮುಖ ಕಾಣಲಿಲ್ಲ. ಇಲ್ಲಿ ಮಾಸ್ತರರು ಅರವತ್ತೆಂಟರ ವಯಸ್ಸಿನಲ್ಲಿ ಮೀಸೆ ಅಂಟಿಸಿಕೊಂಡು ಅವನ ಪಾತ್ರ ಮಾಡಿದರು. ಅವನಿಗೆ ಪ್ರತಿಭೆ ಇದೆ, ನನಗಿಂತ ಹೆಚ್ಚೇ ಇದೆ. ಆದರೂ ನನ್ನ ತಂಡಕ್ಕೆ ಅವನನ್ನು ಕರೆಯಲು ನನಗೆ ಕೈ ಬರುವುದಿಲ್ಲ. ಇದು ನನ್ನ ಸಣ್ಣತನವೂ ಇರಬಹುದು.

ನೀನಾಸಂ, ರಂಗಾಯಣದಂಥ ರಂಗಸಂಸ್ಥೆಗಳಿಗೆ ಹೋಗಿ ಬಂದವರನ್ನು ಕಂಡು ‘ಅವರಿಗೆ ಸಂಪರ್ಕ ಇದೆ’ ಎಂದು ನಮ್ಮವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಇದೆ, ನಿಜ. ತಿಂಗಳುಗಟ್ಟಲೆ ಒಂದೇ ಪಂಕ್ತಿಯಲ್ಲಿ ಉಂಡು, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಿ, ಸೆಟ್ ಹೊತ್ತು ಊರೂರು ತಿರುಗಿದವರಿಗೆ ಸಂಪರ್ಕ ಇಲ್ಲದೆ ಇನ್ನೇನು? 1985ರಿಂದ ನೀನಾಸಂನವರು ನಾಟಕ ಹೊತ್ತು ಊರೂರು ಸುತ್ತುವ ‘ತಿರುಗಾಟ’ ನಡೆಯುತ್ತಿದೆ. ಅದರಲ್ಲಿ ನಟನೇ ಹಮಾಲಿ. ಅಲ್ಲಿಗೆ ಹೋಗಲು ಆಗದವರಿಗೆ ಊರಿನ ತಾಲೀಮು ಕೋಣೆ ಇದೆ. ಬಯಲಾಟದ ಭಾಗವತರು ಇದ್ದಾರೆ, ತೊಗಲುಗೊಂಬೆಯವರು ಇದ್ದಾರೆ. ತೊಗಲುಗೊಂಬೆ ಆಡಿಸುವ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿದ ನಟಮಿತ್ರರಲ್ಲಿ ಎಷ್ಟು ಜನ ಅದಕ್ಕೆ ಮೊದಲು ಆ ಊರಿಗೆ ಹೋಗಿದ್ದರು ಎಂದು ನಾನು ಕೇಳಲಿಲ್ಲ. ನಾನೂ ಹೋಗಿರಲಿಲ್ಲ.

ಆ ಹುಡುಗನಿಗೆ ಮರುದಿನ ಉತ್ತರ ಬರೆದೆ. ನಿರ್ದೇಶಕರ ಜೊತೆಗಿನ ಫೋಟೊ ಚೆನ್ನಾಗಿದೆ ಎಂದೆ. ಆಮೇಲೆ ಬೆಳಕಿನವರ ನಂಬರು ಕಳಿಸಿ, ಮುಂದಿನ ವಾರ ಅವರು ಸಂಡೂರಿನಲ್ಲಿ ಒಂದು ನಾಟಕಕ್ಕೆ ಹೋಗುತ್ತಿದ್ದಾರೆ, ಸಾಮಾನು ಇಳಿಸಲು ಒಬ್ಬ ಬೇಕಂತೆ, ಊಟ ಮತ್ತು ಬಸ್ ಚಾರ್ಜು ಕೊಡುತ್ತಾರಂತೆ ಎಂದು ತಿಳಿಸಿದೆ. ಬೆಂಗಳೂರಿನ ಹವ್ಯಾಸಿ ತಂಡಗಳು ಈ ಕಡೆ ಪ್ರದರ್ಶನಕ್ಕೆ ಬಂದರೆ ಮೊದಲು ಫೋನ್ ಮಾಡುವುದು ಅವರಿಗೇ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಆ ಕಾರಣಕ್ಕೇ ಹೋಗುತ್ತಾನೆ.

ನಿನ್ನೆ ಬೆಳಿಗ್ಗೆ ಬೆಳಕಿನವರು ಚಹಾದಂಗಡಿಯಲ್ಲಿ ಸಿಕ್ಕಿದ್ದರು. ಹುಡುಗ ಫೋನ್ ಮಾಡಿದನೇ ಎಂದು ಕೇಳಿದೆ. ಇಲ್ಲವಂತೆ. ನನಗೆ ಮಾತ್ರ ಆರಕ್ಕೆ ಸರಿಯಾಗಿ ಗುಲಾಬಿ ಬಂದಿತ್ತು.