ನಮ್ಮ ಕಾರಿನ ಅಮೆರಿಕ ಯಾತ್ರೆ

ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ನಾನು. ಹಾಗಾಗಿ ಸರ್ವಿಸ್‌ಗೆ ಬಿಟ್ಟಿದ್ದ ಕಾರನ್ನು ವಾಪಸ್ ಕೊಡುವಾಗ ಅಲ್ಲಿನ ಹುಡುಗ, "ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಮಾಡಿದ್ದೀವಿ ಮೇಡಂ, ಫ್ರೀ" ಅಂದಾಗ ಖುಷಿಯೇ ಆಯಿತು. ವೈಪರ್ ಬ್ಲೇಡಿಗೆ ಹಾಕಿದ್ದ ರೇಟು ನೋಡಿ ಹೊಟ್ಟೆ ಉರಿಯುತ್ತಿತ್ತು. ಅಪ್‌ಡೇಟ್ ಮುಂದಿದ್ದ ಸೊನ್ನೆ ನೋಡಿ ಸ್ವಲ್ಪ ತಣ್ಣಗಾಯಿತು.

ಆ ಸೊನ್ನೆ ರೂಪಾಯಿಯಲ್ಲಿ ನಮ್ಮ ಕಾರು ಅಮೆರಿಕಕ್ಕೆ ಹೋಗಿಬಿಟ್ಟಿದೆ ಅಂತ ಗೊತ್ತಾಗಿದ್ದು ಮಾರನೆ ದಿನ, ಬೇಲೂರು ರಸ್ತೆಯಲ್ಲಿ.

ಅದಕ್ಕೆ ಮುಂಚೆ ನಮ್ಮ ಕಾರಿನ ಸ್ಕ್ರೀನ್ ಬಗ್ಗೆ ಎರಡು ಮಾತು ಹೇಳಬೇಕು. ಅದರ ಸೆಟಿಂಗ್‌ಗಳು ಪಾಲು ಪಾರೀಕತ್ತು ಆದ ಆಸ್ತಿ ಇದ್ದ ಹಾಗೆ. ಬ್ಲೂಟೂತ್ ನಮ್ಮೆಜಮಾನ್ರದ್ದು. ಬೇಸು, ಟ್ರೆಬಲ್ಲು ಮಗನದ್ದು. ಸ್ಪೀಕರ್‌ಗಳ ಸದ್ದು ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಅನ್ನುವುದು ಅತ್ತೆಯವರದ್ದು. ಅವರು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾರೆ, ಅದಕ್ಕೆ ಹಿಂದಿನ ಸ್ಪೀಕರ್ ಪೂರ್ತಿ ಬಂದ್. ರೇಡಿಯೊ ಮಾವನವರದ್ದು. ನನಗೆ ಉಳಿದಿದ್ದು ಸ್ಟೀರಿಂಗ್. ಈ ಹಂಚಿಕೆ ಸುಮ್ನೆ ಆಗಿದ್ದಲ್ಲ. ಎಷ್ಟೋ ಮುನಿಸು, ಎಷ್ಟೋ ರಾಜಿ ಆದ ಮೇಲೆ ಎಲ್ಲರೂ ಒಪ್ಪಿದ್ದು. ಅಪ್‌ಡೇಟ್ ಅದನ್ನೆಲ್ಲ ಒಂದೇ ಏಟಿಗೆ ಒರೆಸಿ ಹಾಕಿತ್ತು. ಸ್ಕ್ರೀನ್ ಮಾಡುವವರು ಕಾರಿಗೆ ಒಬ್ಬನೇ ಯಜಮಾನ ಇರುತ್ತಾನೆ ಅಂದುಕೊಂಡಿರುತ್ತಾರೋ ಏನೋ. ಹಾಸನದ ಕಡೆ ಕಾರಿನಲ್ಲಿ ಒಬ್ಬರೇ ಕೂತಿದ್ದರೆ, "ಯಾಕೆ, ಮನೆಯಲ್ಲಿ ಜಗಳನಾ?" ಅಂತ ಕೇಳುತ್ತಾರೆ.

ಯಜಮಾನರು ಅವತ್ತು ರಾತ್ರಿಯೇ ಹೋಗಿ ತಮ್ಮ ಫೋನನ್ನು ಮತ್ತೆ ಕಾರಿಗೆ ಜೋಡಿಸಿ ಬಂದರು. ತಮ್ಮ ಪಾಲು ತಮಗೆ ಬಂತಲ್ಲ, ಉಳಿದದ್ದರ ಚಿಂತೆ ಅವರಿಗಿಲ್ಲ. ಬೆಳಗ್ಗೆ ಏಳಕ್ಕೆ ನಾನು ಮಾವನವರನ್ನು ಆಲ್ದೂರು ಕಡೆ ಇರುವ ತೋಟಕ್ಕೆ ಬಿಡಲು ಹೊರಟೆ. ಕಾರು ಸ್ಟಾರ್ಟ್ ಮಾಡಿದ್ದೇ ತಡ, ಎಲ್ಲಾ ಸ್ಪೀಕರಿನಿಂದಲೂ ನನ್ನ ನಾದಿನಿಯ ದನಿ ಕೇಳಿಸಿತು.

"ಅಣ್ಣಾ, ಅತ್ತಿಗೆಗೆ ಈಗಲೇ ಹೇಳಬೇಡ. ಹಾಸನಾಂಬೆ ದರ್ಶನಕ್ಕೆ ನಾವು ಹನ್ನೊಂದು ಜನ ಬರ್ತಿದ್ದೀವಿ. ನಮ್ಮತ್ತೆ ಕಡೆಯವರೂ ಇದ್ದಾರೆ. ಈಗಲೇ ಹೇಳಿದರೆ ಅತ್ತಿಗೆ ಅವರಮ್ಮನ ಮನೆಗೆ ಹೋಗಿಬಿಡ್ತಾರೆ."

ಒಳಗೆ ನಡುಮನೆಯಲ್ಲಿ ಯಜಮಾನರು, "ಹಲೋ... ಹಲೋ... ಕೇಳಿಸ್ತಿಲ್ಲ ಕಣೇ" ಅಂತ ಕಿರುಚುತ್ತಿದ್ದರು. ನಡುವೆ ಒಂದು ಗೋಡೆ ಇದ್ದರೂ ಬ್ಲೂಟೂತ್ ಎಷ್ಟೋ ಸಲ ದಾಟಿ ಬರುತ್ತದೆ. ಸುಮಾರು ಹತ್ತು ಮೀಟರ್ ಒಳಗೆ ಫೋನ್ ಇದ್ದರೆ ಸಾಕು, ಕಾರು ಆನ್ ಆದ ಕೂಡಲೇ ಅದನ್ನು ಹುಡುಕಿ ಹಿಡಿಯುತ್ತದೆ. ನಡೆಯುತ್ತಿರುವ ಕರೆಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಳಗೆ ಮಾತಾಡುತ್ತಿದ್ದವರ ಕೈಯಲ್ಲಿ ಬರೀ ಫೋನು ಉಳಿಯುತ್ತದೆ.

ಪಕ್ಕದಲ್ಲಿ ಕೂತಿದ್ದ ಮಾವನವರಿಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. ಮಗಳು ಮಾತಾಡಿದಳು, ಅವರು ಉತ್ತರ ಕೊಟ್ಟರು.

"ಚೆನ್ನಾಗಿದ್ದೀಯೇನಮ್ಮ?"

"ಅಪ್ಪಾ? ನೀವ್ಯಾಕೆ ಅಣ್ಣನ ಫೋನಲ್ಲಿ?"

"ಕಾರಲ್ಲಿದ್ದೀನಿ. ನಿಮ್ಮತ್ತಿಗೆನೂ ಇಲ್ಲೇ ಇದ್ದಾಳೆ. ಕೊಡ್ಲಾ?"

ಲೈನ್ ಕಟ್ ಆಯಿತು. ಹಾಸನಾಂಬೆ ವರ್ಷಕ್ಕೊಮ್ಮೆ ಮಾತ್ರ, ದೀಪಾವಳಿ ಸುತ್ತಮುತ್ತ ಕೆಲವು ದಿನ ಬಾಗಿಲು ತೆಗೆಯುತ್ತಾಳೆ. ಆ ದಿನಗಳಲ್ಲಿ ಹಾಸನದವರ ಮನೆ ಬಾಗಿಲು ಮುಚ್ಚುವ ಹಾಗಿಲ್ಲ. ಅದು ನನಗೆ ಗೊತ್ತಿದ್ದದ್ದೇ. ಹನ್ನೊಂದು ಅನ್ನುವ ಸಂಖ್ಯೆ ಮಾತ್ರ ಹೊಸದು. ಯಜಮಾನರು ಬನಿಯನ್ನಿನಲ್ಲೇ ಗೇಟಿನವರೆಗೆ ಓಡಿ ಬಂದರು. ನಾನು ಗಾಜು ಇಳಿಸಿ, "ಹಾಸಿಗೆ ಸಾಲದು, ಜಮಖಾನೆ ಬಿಸಿಲಿಗೆ ಹಾಕಿಸಿ" ಅಂತಷ್ಟೇ ಹೇಳಿ ಹೊರಟೆ.

ಸ್ಕ್ರೀನಿನ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ ಆಗಿತ್ತು. ಏಸಿ 72 ಡಿಗ್ರಿ ತೋರಿಸುತ್ತಿತ್ತು. ಮಾವನವರು ಅದನ್ನು ನೋಡಿ, "ಇದೇನಮ್ಮ, ಇಡ್ಲಿ ಬೇಯಿಸೋಕೆ ಇಟ್ಟಿದ್ದೀಯಾ?" ಅಂದರು. ಬರುತ್ತಿದ್ದದ್ದು ತಣ್ಣನೆ ಗಾಳಿಯೇ. ನಾನು ಯಂತ್ರಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ಸುಮ್ಮನಾದೆ. ದಾರಿ ತೋರಿಸುವ ಹೆಣ್ಣು ಮಾತ್ರ ಇಂಗ್ಲಿಷಿನಲ್ಲಿ ಅರ್ಧ ಮೈಲಿ, ಐನೂರು ಅಡಿ ಅಂತ ಹೇಳುತ್ತಾ ಬಂದಳು. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. ಸ್ಕ್ರೀನ್ ಮೇಲೆ 24 ಅಂತ ಇತ್ತು.

ಇದು ಮಾವನವರಿಗೆ ಬಹಳ ಹಿಡಿಸಿತು. ಅವರದ್ದು ಮೈಲಿ, ಫರ್ಲಾಂಗು, ಆಣೆಯ ಕಾಲದ ಬಾಲ್ಯ. ತೋಟದ ಮಳೆಯನ್ನೂ ಅವರು ಇಂಚು, ಸೆಂಟ್ಸ್ ಲೆಕ್ಕದಲ್ಲೇ ಬರೆದಿಡುತ್ತಾರೆ. ಕಾಫಿ ಸೀಮೆಯಲ್ಲಿ ಹಾಗೇ. ನೂರು ಸೆಂಟ್ಸ್ ಅಂದರೆ ಒಂದು ಇಂಚು. "ನಿಮ್ಮ ಕಡೆ ಎಷ್ಟು ಬಂತು?" ಅಂದರೆ, "ಎಂಬತ್ತು ಸೆಂಟ್ಸ್" ಅಂತ ಉತ್ತರ ಬರುತ್ತದೆ. ಟಿವಿಯವರು ಮಿಲಿಮೀಟರ್ ಅಂದರೆ ಮಾವನವರು ಪೆನ್ನು ತೆಗೆದು 25.4ರಿಂದ ಭಾಗಿಸಲು ಕೂರುತ್ತಾರೆ. ಹಾಗಾಗಿ ಕೊನೆಗೂ ಒಂದು ಯಂತ್ರ ತಮ್ಮ ಭಾಷೆ ಆಡುತ್ತಿದೆ ಅಂತ ಅವರಿಗೆ ಸಮಾಧಾನ.

ಸಮಾಧಾನ ರೇಡಿಯೊ ಹಾಕುವ ತನಕ. ಅರೇಬಿಕಾ ಹಣ್ಣಾಗುವ ಹೊತ್ತಿಗೆ ಮಳೆ ಬಂದರೆ ಕಾಯಿ ಒಡೆದು ಉದುರುತ್ತದೆ. ಅದಕ್ಕೇ ಬೆಳಗಿನ ಹವಾಮಾನ ಕೇಳದೆ ಅವರಿಗೆ ಕಾಫಿಯೂ ಇಳಿಯುವುದಿಲ್ಲ. ಹಾಸನ ಆಕಾಶವಾಣಿ 102.2. ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ ಗುಂಡಿಯಲ್ಲಿ ಈಗ ಏನೂ ಇರಲಿಲ್ಲ. ಕೈಯಿಂದ ಹುಡುಕಿದರು. 101.9. 102.1. ಅದರ ಮುಂದೆ 102.3. ಎರಡರಲ್ಲೂ ಗೊರ ಗೊರ ಸದ್ದು. ಆ ಸದ್ದಿನ ಹಿಂದೆ ಯಾರೋ ಕಂಬಳಿ ಹೊದ್ದು ಮಾತಾಡುತ್ತಿದ್ದರು. ಹಿಂದಕ್ಕೆ ಒತ್ತಿದರೆ ಮತ್ತೆ 102.1. 102.2 ಅನ್ನುವ ಊರೇ ನಕ್ಷೆಯಲ್ಲಿ ಇರಲಿಲ್ಲ.

"ನಿಲಯ ಮುಚ್ಚಿಬಿಟ್ಟರಾ?" ಅಂದರು. ಮುಖ ಸಣ್ಣಗಾಯಿತು.

ಸದ್ಯಕ್ಕೆ ಇರಲಿ ಅಂತ ಪೆನ್‌ಡ್ರೈವಿನ ಭಾವಗೀತೆ ಹಾಕಿದೆ. ಅಲ್ಲೂ ಅಪ್‌ಡೇಟ್ ಕೈ ಆಡಿಸಿತ್ತು. ವೇಗ ಹೆಚ್ಚಾದಂತೆ ತಾನೇ ಸದ್ದು ಏರಿಸುವ ಸೆಟಿಂಗ್ ಒಂದಿದೆ. ಟೈರು, ಗಾಳಿಯ ಶಬ್ದದಲ್ಲಿ ಹಾಡು ಮುಳುಗಬಾರದು ಅಂತ. ನಾವು ಅದನ್ನು ಆಫ್ ಮಾಡಿಟ್ಟಿದ್ದೆವು. ಈಗ ಅದು ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿತ್ತು. ಹೈವೇಯಲ್ಲಿ ಅದು ಒಳ್ಳೆಯದೇ. ಊರಿಗೊಂದು ಹಂಪ್ ಇರುವ ಕಡೆ ಮಾತ್ರ ಕಷ್ಟ. ಖಾಲಿ ರಸ್ತೆಯಲ್ಲಿ ಗಾಯಕಿ ಕಿವಿಯ ಹತ್ತಿರ ಬಂದು ಕೂಗುತ್ತಿದ್ದಳು. ಹಂಪ್ ಬಂದ ಕೂಡಲೇ ಪಿಸುಗುಟ್ಟುತ್ತಿದ್ದಳು. "ಯಾಕಮ್ಮ ಸುಮ್ನೆ ಕಮ್ಮಿ ಜಾಸ್ತಿ ಮಾಡ್ತೀಯ?" ಅಂತ ಮಾವನವರು ನನ್ನ ಕೈ ನೋಡಿದರು. ನನ್ನ ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು.

ಹಾಡು ಆರಿಸಿ ಅವರು ಮತ್ತೆ ರೇಡಿಯೊಗೆ ಹೋದರು. ಸ್ವಲ್ಪ ಹೊತ್ತು ಒತ್ತುತ್ತಾ ಕೂತವರು ಇದ್ದಕ್ಕಿದ್ದಂತೆ ಹೇಳಿದರು: "ಇದರಲ್ಲಿ ಬರೀ ಬೆಸ ಸಂಖ್ಯೆ ಬರ್ತಿದೆ ಕಣಮ್ಮ. ಒಂದು, ಮೂರು, ಐದು, ಏಳು, ಒಂಬತ್ತು. ಸಮ ಸಂಖ್ಯೆನೇ ಇಲ್ಲ."

ಮಳೆ ಲೆಕ್ಕ ಬರೆಯುವವರ ಕಣ್ಣು ಅಂದರೆ ಅದು. ರಾತ್ರಿ ಒಂಬತ್ತೂವರೆ, 72 ಡಿಗ್ರಿ, ಮೈಲಿ, ಅಡಿ, ಎಲ್ಲವೂ ನನ್ನ ತಲೆಯಲ್ಲಿ ಒಂದು ಸಾಲಿಗೆ ಬಂದವು. ಕಾರಿನಲ್ಲಿ ದೇಶ ಆಯ್ಕೆ ಮಾಡುವ ಸೆಟಿಂಗ್ ಇರುತ್ತದೆ. ಅಪ್‌ಡೇಟ್ ಅದನ್ನು ಅಮೆರಿಕಕ್ಕೆ ತಿರುಗಿಸಿತ್ತು. ಗಡಿಯಾರದಲ್ಲಿದ್ದದ್ದು ಅಲ್ಲಿನ ಹೊತ್ತು, ಏಸಿಯ 72 ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕ. ಅಮೆರಿಕದಲ್ಲಿ ಎಫ್‌ಎಂ ನಿಲಯಗಳೆಲ್ಲ ಬೆಸ ಸಂಖ್ಯೆಯಲ್ಲೇ ಕೊನೆಯಾಗುತ್ತವೆ, 87.9ರಿಂದ 107.9ರವರೆಗೆ. ಹಾಗಾಗಿ ಅಲ್ಲಿನ ರೇಡಿಯೊ ಎರಡೆರಡು ಮೆಟ್ಟಿಲು ಹಾರಿ ಹೋಗುತ್ತದೆ. ನಮ್ಮಲ್ಲಿ ಒಂದೊಂದೇ ಮೆಟ್ಟಿಲು. ಮೀಡಿಯಂ ವೇವ್‌ನಲ್ಲೂ ಅಷ್ಟೇ, ಅವರದ್ದು ಹತ್ತು ಕಿಲೋಹರ್ಟ್ಸ್‌ನ ಮೆಟ್ಟಿಲು, ನಮ್ಮದು ಒಂಬತ್ತರದ್ದು.

ತಮಾಷೆ ಏನಂದರೆ, ಬೆಂಗಳೂರಿನಲ್ಲಿ ಇದು ಬೇಗ ಗೊತ್ತಾಗುವುದೇ ಇಲ್ಲ. ಅಲ್ಲಿನ ರೇನ್‌ಬೋ 101.3, ವಿವಿಧ ಭಾರತಿ 102.9. ಎರಡೂ ಬೆಸ. ಪೆಟ್ಟು ಬೀಳುವುದು 102.2ರ ಹಾಸನಕ್ಕೆ, 100.6ರ ಮೈಸೂರಿಗೆ.

ಸೆಟಿಂಗ್ ಬದಲಿಸಲು ಬೆರಳಿಟ್ಟರೆ, ಕಾರು ಓಡುವಾಗ ಇದು ಆಗುವುದಿಲ್ಲ ಅಂತ ಸ್ಕ್ರೀನ್ ಹೇಳಿತು. ಇದೊಂದು ವಿಷಯದಲ್ಲಿ ಸ್ಕ್ರೀನಿನ ಪರ ನಾನು. ಮೆನು ಒಳಗೆ ಮೆನು ತೆರೆಯುತ್ತಾ ಎದುರಿನ ಬಸ್ಸಿಗೆ ಗುದ್ದುವುದಕ್ಕಿಂತ ನಿಲ್ಲಿಸುವುದೇ ಮೇಲು. ಹಗರೆ ಇನ್ನೂ ಬಂದಿರಲಿಲ್ಲ. ರಸ್ತೆ ಬದಿ ಮುಸುಕಿನ ಜೋಳ ಒಣಹಾಕಿದ್ದ ಕಡೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ.

ನಮ್ಮ ಸೀಮೆಯಲ್ಲಿ ರಸ್ತೆ ಬದಿ ಕಾರು ನಿಲ್ಲಿಸಿ ನಿಮ್ಮ ಪಾಡಿಗೆ ನೀವಿರುವುದು ಸಾಧ್ಯವಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಬೈಕಿನವನು ನಿಂತ. "ಪಂಚರ್ರಾ ಮೇಡಂ?" ಇಲ್ಲಪ್ಪ ಅಂದೆ. "ಡೀಸೆಲ್ ಖಾಲಿಯಾ?" ಅದೂ ಅಲ್ಲ, ರೇಡಿಯೊ ಸರಿ ಮಾಡ್ತಿದ್ದೀನಿ ಅಂದೆ. ಅವನು ನನ್ನನ್ನು, ಕಾರನ್ನು, ಮತ್ತೆ ನನ್ನನ್ನು ನೋಡಿ, "ಬ್ಯಾಟರಿ ವೈರ್ ಬಿಚ್ಚಿ ಹಾಕಿ, ಎಲ್ಲಾ ಸರಿ ಹೋಗ್ತದೆ" ಅಂತ ಹೇಳಿ ಹೊರಟ.

ಜೋಳ ಕಾಲಲ್ಲಿ ಕೆದಕುತ್ತಿದ್ದ ಅಜ್ಜಿ ಹತ್ತಿರ ಬಂದಳು. "ಏನಾಯ್ತವ್ವ?" ಮಾವನವರು ಇಳಿದು, ಹವಾಮಾನ ಕೇಳಬೇಕಿತ್ತು, ರೇಡಿಯೊ ಬರ್ತಿಲ್ಲ ಅಂದರು. ಅಜ್ಜಿ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಒಂದು ಪುಟ್ಟ ಫೋನು ತೆಗೆದಳು. ಬಟನ್ ಫೋನು. ನಂಬರುಗಳು ಸವೆದು ಹೋಗಿದ್ದವು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿತ್ತು. ಒಂದು ಗುಂಡಿ ಒತ್ತಿದಳು ಅಷ್ಟೇ. ಹಾಸನ ಆಕಾಶವಾಣಿ ಸ್ಫಟಿಕದಂತೆ ಬಂತು. ಇಬ್ಬರೂ ಫೋನನ್ನು ನಡುವೆ ಹಿಡಿದುಕೊಂಡು ಟಾರ್ಪಾಲಿನ ಪಕ್ಕದಲ್ಲೇ ನಿಂತರು. ಮಳೆ ಬರ್ತದಂತೆ, ಬರಲ್ವಂತೆ, ಜೋಳ ಮುಚ್ಚಬೇಕಾ, ಕಾಯಿ ಉಳಿಯುತ್ತಾ ಅಂತ ಮಾತಿಗೆ ಮಾತು ಬೆಳೆಯಿತು.

ಇತ್ತ ನಾನು ಲಕ್ಷಗಟ್ಟಲೆ ಕೊಟ್ಟ ಕಾರಿನಲ್ಲಿ ಕೂತು ಮೆನು ಅಗೆಯುತ್ತಿದ್ದೆ. ಸೌಂಡ್ ಒಳಗಿಲ್ಲ. ಡಿಸ್‌ಪ್ಲೇ ಒಳಗಿಲ್ಲ. ರೇಡಿಯೊ ಸೆಟಿಂಗ್ ಒಳಗೆ ಇರಬೇಕಲ್ಲ, ಅಲ್ಲೂ ಇಲ್ಲ! ಜನರಲ್ ಅನ್ನುವ ಗೋಡೌನ್ ಒಳಗೆ, ಕೀಬೋರ್ಡ್ ಭಾಷೆಯ ಕೆಳಗೆ, ಬೆರಳಿಂದ ಎಳೆದರೆ ಮಾತ್ರ ಕಾಣುವ ಜಾಗದಲ್ಲಿ ಅಮೆರಿಕ ತಣ್ಣಗೆ ಕೂತಿತ್ತು. ಭಾರತ ಅಂತ ಒತ್ತಿದೆ. ಸ್ಕ್ರೀನ್ ಕಪ್ಪಾಗಿ, ಯೋಚನೆ ಮಾಡಿ, ಮತ್ತೆ ಬೆಳಗಿತು. ಗಡಿಯಾರ 7:55. ಏಸಿ 22. ರೇಡಿಯೊ ಒಂದೇ ಮೆಟ್ಟಿಲು ಹತ್ತಿ 102.2ಕ್ಕೆ ಬಂದು ನಿಂತಿತು.

ಮಾವನವರನ್ನು ಕೂಗಿದೆ. ಅವರು ಅಜ್ಜಿ ಕೊಟ್ಟ ಎಲೆಅಡಿಕೆ ಮೆಲ್ಲುತ್ತಾ ಬಂದು ಕೂತರು. ಅಷ್ಟರಲ್ಲಿ ಹವಾಮಾನ ಮುಗಿದು ರೇಡಿಯೊದಲ್ಲಿ ಜಾಹೀರಾತು ಬರುತ್ತಿತ್ತು.

"ಬಂತು ನೋಡಿ ಮಾವ" ಅಂದೆ.

"ನಾನು ಆಗಲೇ ಕೇಳಾಯ್ತಲ್ಲ" ಅಂದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಸ್ಕ್ರೀನ್ ನೋಡಿದರು. "ಬೇಲೂರು ಎಷ್ಟು ತೋರಿಸ್ತಿದೆ?"

"ಹತ್ತೊಂಬತ್ತು."

"ನಿಲ್ಲಿಸಿದಾಗ ಹನ್ನೆರಡಿತ್ತು ಕಣಮ್ಮ. ರಿಪೇರಿ ಮಾಡಿ ದೂರ ಮಾಡಿಬಿಟ್ಟೆಯಲ್ಲ!"

ಹ್ಯಾಂಡ್‌ಬ್ರೇಕ್ ಇನ್ನೂ ಇಳಿಸಿರಲಿಲ್ಲ. ಮತ್ತೆ ಜನರಲ್ ಒಳಗೆ ಹೋದೆ. ಅಲ್ಲಿ ದೂರಕ್ಕೆ ಬೇರೆಯೇ ಒಂದು ಸಾಲು ಇತ್ತು. ಮೈಲಿ ಅಂತ ಒತ್ತಿದೆ. ಹನ್ನೆರಡಾಯಿತು. "ಹಾಂ, ಈಗ ಹೊರಡು" ಅಂದರು ಮಾವನವರು.