ಮೂರು ಮ್ಯಾಟಿನ ಕಾರು

ನಮ್ಮ ಕಾರಿನಲ್ಲಿ ಈಗ ಮೂರೇ ಮ್ಯಾಟು. ನನ್ನ ಪಕ್ಕದ ಸೀಟಿಗೆ ಹತ್ತುವವರೆಲ್ಲ ಕಾಲಿಡುವ ಮೊದಲು ಕೆಳಗೆ ನೋಡಿ, ಏನೋ ಗುಟ್ಟು ಪತ್ತೆ ಮಾಡಿದವರಂತೆ, "ಇಲ್ಲಿ ಮ್ಯಾಟ್ ಇಲ್ವಾ?" ಎನ್ನುತ್ತಾರೆ. ಇತ್ತು. ಒಂದು ಮಳೆಗಾಲದ ಸಂಜೆ, ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲೆಂದು ನಾನು ರಸ್ತೆಯಂಚಿಗೆ ಇಳಿದೆನಲ್ಲ, ಆ ಜಾಗದಲ್ಲಿ ಈಗಲೂ ಭೂಗತವಾಗಿದೆ. ಲಾರಿಯವನು ಹಾರ್ನ್ ಹೊಡೆದು ಹೋದ. ಸೌಜನ್ಯ ತೋರಿದವನು ಹೂತುಕೊಂಡ.

ಹೂತ ಗಾಡಿಯಲ್ಲಿ ಕೂತವನು ಮೊದಲು ಮಾಡುವುದು ಮಾಡಬಾರದ್ದನ್ನೇ. ಆಕ್ಸಿಲರೇಟರ್ ಒತ್ತುತ್ತಾನೆ. ಚಕ್ರ ಗಿರ್ರೆಂದು ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ನಾನೂ ಒತ್ತಿದೆ. ಕ್ಲಚ್ ಸುಟ್ಟ ವಾಸನೆ ಬಂತು. ಮೊದಲ ಸಲ ಸರಿಯಾಗಿ ಒತ್ತಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದೆ. ಎಡಚಕ್ರ ಕೆಸರಿನಲ್ಲಿತ್ತು, ಬಲಚಕ್ರ ಗಟ್ಟಿ ನೆಲದ ಮೇಲೆ. ಡಿಫರೆನ್ಷಿಯಲ್ ಎಂಬ ಗೇರುಪೆಟ್ಟಿಗೆಯ ನ್ಯಾಯ ಹೇಗಿದೆಯೆಂದರೆ, ಹಿಡಿತವಿರುವ ಚಕ್ರ ಸುಮ್ಮನೆ ನಿಂತಿರುತ್ತದೆ, ಜಾರುವ ಚಕ್ರವೊಂದೇ ಗಿರಗಿರ ತಿರುಗುತ್ತದೆ. ಇದರಲ್ಲೊಂದು ದೊಡ್ಡ ಜೀವನದರ್ಶನವಿದೆ, ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ಜನ ಬಂದರು. ನರಪಿಳ್ಳೆಯಿಲ್ಲದ ರಸ್ತೆ, ಎಲ್ಲಿಂದ ಬಂದರೋ. "ಸೆಕೆಂಡ್ ಗೇರ್ ಹಾಕಿ ಸಾರ್." "ರಿವರ್ಸ್ ತಗೊಳ್ಳಿ." "ಟಯರಿನ ಗಾಳಿ ಒಂಚೂರು ಇಳಿಸಿ." ವಿಚಿತ್ರವೆಂದರೆ ಮೂರೂ ಸರಿಯಾದ ಸಲಹೆಗಳೇ. ಒಟ್ಟಿಗೆ ಕೂಗಿದ್ದರಿಂದ ನಾನು ಮೂರನ್ನೂ ಅರ್ಧರ್ಧ ಮಾಡಿದೆ. ಒಬ್ಬರು ಮಾತ್ರ ಒಣಗಿದ ಕಲ್ಲೊಂದನ್ನು ಹುಡುಕಿ, ಅದರ ಮೇಲೆ ಕೊಡೆ ಹಿಡಿದು ನಿಂತು, "ಸ್ಟಿಯರಿಂಗ್ ಎಡಕ್ಕೆ ಹೊಡೀರಿ, ಎಡಕ್ಕೆ!" ಎನ್ನುತ್ತಿದ್ದರು. ಚಕ್ರ ನೇರವಾಗಿದ್ದಷ್ಟೂ ಏಳುವುದು ಸುಲಭ ಎಂದು ನನಗೆ ಗೊತ್ತಿತ್ತು. ಆದರೂ ಎಡಕ್ಕೆ ಹೊಡೆದೆ. ಇನ್ನಷ್ಟು ಇಳಿಯಿತು. "ಕರ್ಣನ ರಥವೇ ಹೂತುಹೋಯ್ತಂತೆ, ನಮ್ಮದೇನು ಬಿಡಿ," ಎಂದು ಅವರೇ ಸಮಾಧಾನ ಹೇಳಿದರು. ಕರ್ಣನಿಗೆ ಬಂದದ್ದು ಬಾಣ. ಅದು ಒಂದೇ ಸಲಕ್ಕೆ ಮುಗಿಯುತ್ತದೆ.

ಆ ಹೊತ್ತಿನಲ್ಲಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚು ಬಂದದ್ದು ಮಂಗಳನ ಮೇಲಿರುವ ಸ್ಪಿರಿಟ್ ಬಗ್ಗೆ. ನಾಸಾದ ಈ ಆರು ಚಕ್ರದ ಗಾಡಿ 2004ರ ಜನವರಿಯಲ್ಲಿ ಅಲ್ಲಿ ಇಳಿಯಿತು. 90 ದಿನ ಓಡಿದರೆ ಸಾಕು ಎಂದು ಕಳಿಸಿದ್ದು, ವರ್ಷಗಟ್ಟಲೆ ಓಡಿತು. 2006ರಲ್ಲಿ ಮುಂದಿನ ಬಲಚಕ್ರ ಕೆಟ್ಟು ನಿಂತಾಗ, ಅದನ್ನು ಎಳೆದುಕೊಂಡು ಹಿಮ್ಮುಖವಾಗಿ ಓಡಾಡಿತು. ಆ ಕುಂಟಚಕ್ರ ಕೆರೆದ ಗೆರೆಯಲ್ಲೇ ಬಿಳಿಮಣ್ಣು ಎದ್ದು, ಅದರಲ್ಲಿ ಸಿಲಿಕಾ ಎಂಬ ಖನಿಜ ತುಂಬಿರುವುದು ಗೊತ್ತಾಗಿ, ಹಿಂದೊಮ್ಮೆ ಅಲ್ಲಿ ಬಿಸಿನೀರೋ ಹಬೆಯೋ ಇದ್ದಿರಬೇಕೆಂದು ವಿಜ್ಞಾನಿಗಳು ಹಿಗ್ಗಿದರು. ನನ್ನ ಚಕ್ರ ಅಷ್ಟು ಕೆರೆದರೂ ಎದ್ದದ್ದು ಒಂದು ಹಳೇ ಚಪ್ಪಲಿ. ಇರಲಿ. 2009ರಲ್ಲಿ ಸ್ಪಿರಿಟ್ ಗಟ್ಟಿಯಾಗಿ ಕಂಡ ನೆಲದ ಮೇಲೆ ಹೋಗಿ, ತೆಳು ಪದರ ಒಡೆದು, ಅಡಿಯ ಪುಡಿಮಣ್ಣಿನಲ್ಲಿ ಹೂತಿತು. ಆಗ ಭೂಮಿಯಲ್ಲಿದ್ದ ನಾಸಾದವರು ಏನು ಮಾಡಿದರು ಗೊತ್ತೇ? ಆಕ್ಸಿಲರೇಟರ್ ಒತ್ತಲಿಲ್ಲ. ಪ್ರಯೋಗಾಲಯದಲ್ಲಿ ಅಂಥದ್ದೇ ಮಣ್ಣು ಕಲಸಿ, ಅಂಥದ್ದೇ ಗಾಡಿಯನ್ನು ಅದರಲ್ಲಿ ಬೇಕೆಂದೇ ಹೂತು, ಬಿಡಿಸುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಆಮೇಲೇ, ನವೆಂಬರಿನಲ್ಲಿ, ಅಲ್ಲಿನ ಚಕ್ರಕ್ಕೆ ತಿರುಗಲು ಹೇಳಿದ್ದು. ಆದರೂ ಬರಲಿಲ್ಲ, ಸಾಲದ್ದಕ್ಕೆ ಇನ್ನೊಂದು ಚಕ್ರವೂ ನಿಂತಿತು. 2010ರ ಜನವರಿಯಲ್ಲಿ, ಇನ್ನು ನಿಂತಲ್ಲೇ ಕೆಲಸ ಮಾಡಲಿ ಎಂದು ಘೋಷಿಸಿಬಿಟ್ಟರು. ಹೂತುಹೋದದ್ದನ್ನು ಹೇಳಿಕೊಳ್ಳಲು ಇದಕ್ಕಿಂತ ಮರ್ಯಾದೆಯ ಮಾತು ನಾನು ಕೇಳಿಲ್ಲ. ನಾನೂ ಮನೆಗೆ ಫೋನ್ ಮಾಡಿ, "ಇನ್ನು ಮೇಲೆ ನಾನು ಇಲ್ಲೇ ಇರುತ್ತೇನೆ," ಎಂದೆ. ಮನೆಯವರು ವಿಜ್ಞಾನಿಗಳಲ್ಲ.

ಅದೇ ವರ್ಷ ಮಾರ್ಚಿನಲ್ಲಿ ಸ್ಪಿರಿಟ್‌ನ ಕೊನೆಯ ಸಂದೇಶ ಬಂತು. ಈಗಲೂ ಅಲ್ಲೇ ಇದೆ. ಪಕ್ಕದಲ್ಲಿ ಕೊಡೆ ಹಿಡಿದವರು ಯಾರೂ ಇಲ್ಲ.

ನಮ್ಮದು ಎದ್ದಿತು. ಇಬ್ಬರು ಹುಡುಗರು, ಒಂದು ಮಾತೂ ಆಡದೆ, ಪ್ಯಾಂಟು ಮಡಚಿ ಇಳಿದರು. ಒಬ್ಬ ಚಕ್ರದ ಮುಂದಿನ ಕೆಸರನ್ನು ಕೈಯಿಂದಲೇ ಬಾಚಿ, ಬಾಗಿಲು ತೆಗೆದು ಮ್ಯಾಟು ಎಳೆದು ಅಡಿಗೆ ತುರುಕಿದ. ಕೇಳಲೂ ಇಲ್ಲ. ಮುಂದಕ್ಕೊಂದಿಷ್ಟು, ಹಿಂದಕ್ಕೊಂದಿಷ್ಟು, ತೊಟ್ಟಿಲು ತೂಗಿದ ಹಾಗೆ ಆಡಿಸುತ್ತಾ ಐದಾರು ಸಲ ತಳ್ಳಿದರು. ಕಾರು ಮ್ಯಾಟನ್ನು ಕೆಸರಿನೊಳಕ್ಕೆ ತುಳಿದು, ಹುಡುಗರಿಗೆ ಅಡಿಯಿಂದ ಮುಡಿವರೆಗೆ ಕೆಸರಭಿಷೇಕ ಮಾಡಿ ರಸ್ತೆಗೆ ಹಾರಿತು. ಮತ್ತೆ ಹೂತೀತೆಂಬ ಭಯಕ್ಕೆ ನಾನು ಬ್ರೇಕ್ ಹಾಕದೆ ನೂರು ಮಾರು ದೂರ ಹೋದೆ. ಇಳಿದು ತಿರುಗಿ ನೋಡುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಕೊಡೆಯವರು ಮಾತ್ರ ಬಂದರು. ಅವರ ಶರಟಿನ ಮೇಲೆ ಒಂದು ಹನಿಯಿಲ್ಲ. "ನಾನು ಹೇಳಿದ್ನಲ್ಲ, ಎಡಕ್ಕೆ ಅಂತ," ಎನ್ನುತ್ತಾ ಕೊಡೆ ಮಡಚಿ, ಅದೇ ದಿಕ್ಕಿಗೆ ಹೋಗಬೇಕಿತ್ತೆಂದು ಪಕ್ಕದ ಸೀಟಿಗೆ ಹತ್ತಿ, ಕಾಲಿಡುವ ಮೊದಲು ಕೆಳಗೆ ನೋಡಿದರು.

"ಇಲ್ಲಿ ಮ್ಯಾಟ್ ಇಲ್ವಾ?"