ನಲ್ಲಿಯ ಮೇಲೊಂದು ಎಫ್‌ಐಆರ್ ಹಾಕಿ ಸ್ವಾಮಿ

ಪೊಲೀಸ್ ಠಾಣೆಯಲ್ಲಿ ಎಲ್ಲರಿಗಿಂತ ಅಪಾಯಕಾರಿ ಯಾರು? ನೀವು ಅಂದುಕೊಂಡವರಲ್ಲ. ಶೌಚಾಲಯದ ನಲ್ಲಿ.

2021ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಕಾಸ್‌ಗಂಜ್‌ನ ಠಾಣೆಯೊಂದರಲ್ಲಿ 22 ವರ್ಷದ ಹುಡುಗನೊಬ್ಬ ಪ್ರಾಣ ಬಿಟ್ಟ. ಶೌಚಾಲಯಕ್ಕೆ ಹೋದವನು ಜಾಕೆಟ್ಟಿನ ಟೋಪಿಯ ದಾರವನ್ನು ನಲ್ಲಿಗೆ ಕಟ್ಟಿ ನೇಣು ಹಾಕಿಕೊಂಡ ಅಂತ ಪೊಲೀಸರು ಹೇಳಿದರು. ನಲ್ಲಿ ಇದ್ದದ್ದು ನೆಲದಿಂದ ಎರಡು ಮೂರು ಅಡಿ ಮೇಲೆ. ಹುಡುಗ ಐದು ಅಡಿಗಿಂತ ಎತ್ತರ. ಈ ಲೆಕ್ಕ ಯಾವ ಗಣಿತ ಮೇಷ್ಟ್ರಿಗೂ ಬಗೆಹರಿಯಲಿಲ್ಲ. ಐವರು ಪೊಲೀಸರನ್ನು ಅಮಾನತು ಮಾಡಿದರು. ನಲ್ಲಿಯನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಇದು ಯಾವ ನ್ಯಾಯ? ಸ್ಥಳದಲ್ಲಿದ್ದ ಒಂದೇ ಒಂದು ಸಾಕ್ಷಿ ಅದು. ಎರಡು ದಿನ ಠಾಣೆಯಲ್ಲಿ ಕೂರಿಸಿ, ರಾತ್ರಿ ಹೊತ್ತು ಸರಿಯಾಗಿ ವಿಚಾರಿಸಿದ್ದರೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಿತ್ತು. ಅಲ್ಲಿ ಒಪ್ಪಿಕೊಳ್ಳದೆ ಇರುವವರು ಯಾರಿದ್ದಾರೆ?

ನಲ್ಲಿ ಒಂದೇ ಅಲ್ಲ. ಠಾಣೆಯ ನೆಲದ ಮೇಲೂ ನನಗೆ ಗುಮಾನಿ ಇದೆ. ತಮಿಳುನಾಡಿನಲ್ಲಿ ಆರೋಪಿಗಳು ಠಾಣೆಯ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಕೈಕಾಲು ಮುರಿದುಕೊಳ್ಳುವುದು ಎಷ್ಟು ಮಾಮೂಲಾಯಿತೆಂದರೆ, 2025ರಲ್ಲಿ ಮದ್ರಾಸ್ ಹೈಕೋರ್ಟೇ ಪ್ರಶ್ನೆ ಎತ್ತಿತು: ಈ ಬಾತ್‌ರೂಮುಗಳು ಆರೋಪಿಗಳಿಗೆ ಮಾತ್ರ ಯಾಕೆ ಜಾರುತ್ತವೆ? ಪೊಲೀಸರು ಯಾಕೆ ಬೀಳುವುದಿಲ್ಲ? ನನ್ನನ್ನು ಕೇಳಿದರೆ ಇದು ಗುತ್ತಿಗೆದಾರರ ಕೈಚಳಕ. ಬೂಟು ಹಾಕಿದವರಿಗೆ ಜಾರದ, ಬರಿಗಾಲಿನವರಿಗೆ ಮಾತ್ರ ಜಾರುವ ಟೈಲ್ಸ್. ಇದಕ್ಕೆ ಪೇಟೆಂಟ್ ತೆಗೆದುಕೊಳ್ಳದೆ ಇರುವುದು ದೇಶಕ್ಕೇ ನಷ್ಟ.

ಜಾರುವುದಕ್ಕೆ ಬಾತ್‌ರೂಮ್ ಸಿಗದಿದ್ದರೆ ಬಯಲೂ ಆಗುತ್ತದೆ. 2020ರ ಜೂನ್ 19ರಂದು ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ಅಪ್ಪ ಮಗನನ್ನು ಪೊಲೀಸರು ಹಿಡಿದರು. ಲಾಕ್‌ಡೌನ್ ಸಮಯ ಮೀರಿ ಅಂಗಡಿ ತೆರೆದಿದ್ದರಂತೆ, ಅದೇ ಅಪರಾಧ. ಮೂರು ನಾಲ್ಕು ದಿನಗಳಲ್ಲಿ ಇಬ್ಬರೂ ಸತ್ತರು. ಗಾಯ ಹೇಗಾಯಿತು? ಎಫ್‌ಐಆರ್ ಪ್ರಕಾರ, ಅವರೇ ಬೈಯುತ್ತಾ ನೆಲದ ಮೇಲೆ ಉರುಳಾಡಿ ಒಳಗಾಯ ಮಾಡಿಕೊಂಡರು. ಸುಬ್ರಹ್ಮಣ್ಯದಲ್ಲಿ ಚಂಪಾ ಷಷ್ಠಿಗೆ ಬೀದಿ ಮಡೆಸ್ನಾನ ಅಂತ ಭಕ್ತರು ರಸ್ತೆಯುದ್ದಕ್ಕೂ ಉರುಳುತ್ತಾರೆ. ಎದ್ದು, ಮೈಕೊಡವಿ, ಪ್ರಸಾದ ಉಂಡು ಮನೆಗೆ ಹೋಗುತ್ತಾರೆ. ಸಾತಾನ್‌ಕುಳಂನ ಮಣ್ಣಿನಲ್ಲೇ ಏನೋ ದೋಷ ಇರಬೇಕು.

ಈ ಪ್ರಕರಣದಲ್ಲಿ ಇನ್ನೊಂದು ಸ್ವಾರಸ್ಯವಿದೆ. ತನಿಖೆಗೆ ಹೋದ ಮ್ಯಾಜಿಸ್ಟ್ರೇಟ್ ಠಾಣೆಯ ಸಿಸಿಟಿವಿ ತೋರಿಸಿ ಅಂದರು. ಹಾರ್ಡ್ ಡಿಸ್ಕಿನಲ್ಲಿ ಒಂದು ಟಿಬಿ ಜಾಗ ಇತ್ತು. ಆದರೆ ಪ್ರತಿದಿನದ ದೃಶ್ಯ ಅಂದಂದೇ ತಾನಾಗಿ ಅಳಿಸಿಹೋಗುವ ಹಾಗೆ ಸೆಟ್ ಮಾಡಿದ್ದರು. ಯಂತ್ರಕ್ಕೂ ಮರೆವಿನ ಕಾಯಿಲೆ! ಮ್ಯಾಜಿಸ್ಟ್ರೇಟರ ಕೆಲಸಕ್ಕೇ ಅಡ್ಡಿಯಾಗುತ್ತಿದೆ ಅಂತ ಗೊತ್ತಾದಾಗ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಕಂದಾಯ ಅಧಿಕಾರಿಗಳನ್ನು ಕಳಿಸಿ ಆ ಠಾಣೆಯನ್ನೇ ಅವರ ಸುಪರ್ದಿಗೆ ಕೊಡಿಸಿತು. ಅಂದರೆ ಪೊಲೀಸ್ ಠಾಣೆಯೇ ಕಸ್ಟಡಿಗೆ ಹೋಯಿತು. ಗಮನಿಸಿ, ಕಸ್ಟಡಿಯಲ್ಲಿದ್ದಷ್ಟು ದಿನವೂ ಠಾಣೆಗೆ ಒಂದು ಗೀರು ಕೂಡ ಬೀಳಲಿಲ್ಲ. ಕಂದಾಯ ಇಲಾಖೆಯವರಿಗೆ ವಿಚಾರಣೆ ಮಾಡೋದಕ್ಕೇ ಬರೋದಿಲ್ಲ ಅನ್ನಿ.

ಕ್ಯಾಮೆರಾದ ವಿಷಯ ಬಂದಿದ್ದರಿಂದ ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಎಲ್ಲ ಠಾಣೆಗಳಿಗೂ ಸಿಸಿಟಿವಿ ಹಾಕಿ. ಬಾಗಿಲು, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಶೌಚಾಲಯದ ಹೊರಗೆ, ಎಲ್ಲೂ ಬಿಡಬೇಡಿ. ಕತ್ತಲಲ್ಲೂ ಕಾಣಬೇಕು, ಮಾತೂ ಕೇಳಬೇಕು. ದೃಶ್ಯವನ್ನು 18 ತಿಂಗಳು ಇಟ್ಟುಕೊಳ್ಳಿ, ಕನಿಷ್ಠ ಒಂದು ವರ್ಷವಾದರೂ. ಐದು ವರ್ಷ ಆಗುತ್ತಾ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಪತ್ರಿಕೆ ಓದಿ, ತಾನಾಗಿಯೇ ಮತ್ತೆ ಕೇಸು ಹಾಕಿಕೊಳ್ಳಬೇಕಾಯಿತು. ರಾಜಸ್ಥಾನದಲ್ಲಿ ಆ ವರ್ಷ ಏಳೆಂಟು ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತಿದ್ದರು ಅನ್ನುವ ವರದಿ ಅದು. ಮನುಷ್ಯನಿಗೆ ಎದೆನೋವು ಬಂದ ಗಳಿಗೆಯಲ್ಲೇ ಕ್ಯಾಮೆರಾಕ್ಕೂ ಬರುತ್ತದೆ. ಎಷ್ಟು ಅನ್ಯೋನ್ಯ ನೋಡಿ!

ಬೆಂಗಳೂರಿನ ಸಿಗ್ನಲ್‌ಗಳಲ್ಲಿರುವ ಕ್ಯಾಮೆರಾಗಳ ಆರೋಗ್ಯ ಹಾಗಲ್ಲ. ಮಳೆ ಇರಲಿ, ಧೂಳಿರಲಿ, ಹಿಂದೆ ಕೂತವರು ಹೆಲ್ಮೆಟ್ ಹಾಕಿಲ್ಲ ಅನ್ನುವುದನ್ನು ಕಂಡು, ನಂಬರ್ ಪ್ಲೇಟ್ ಓದಿ, ಮೊಬೈಲಿಗೆ ದಂಡದ ಮೆಸೇಜು ಬರುವ ಹಾಗೆ ಮಾಡುತ್ತವೆ. ರಸ್ತೆಯಲ್ಲಿ ಹದ್ದಿನ ಕಣ್ಣು. ಠಾಣೆಯ ಹೊಸ್ತಿಲು ದಾಟಿದ ಕೂಡಲೇ ಪೊರೆ ಬಂದುಬಿಡುತ್ತದೆ. ವಯರನ್ನು ಇಲಿ ಕಡಿದಿರಬಹುದು ಅಂತೀರಾ? ಇರಬಹುದು. ನಮ್ಮ ಠಾಣೆಯ ಇಲಿಗಳು ಸಾಮಾನ್ಯದವಲ್ಲ. ಮಥುರಾದಲ್ಲಿ 500 ಕೆಜಿಗೂ ಜಾಸ್ತಿ ಗಾಂಜಾವನ್ನು ಇಲಿಗಳು ತಿಂದವು ಅಂತ 2022ರಲ್ಲಿ ಪೊಲೀಸರೇ ಕೋರ್ಟಿಗೆ ಹೇಳಿದ್ದಾರೆ. ಜೈಪುರದಲ್ಲಿ ಕೊಲೆ ಕೇಸಿನ ಸಾಕ್ಷ್ಯದ ಚೀಲವನ್ನು ಕೋತಿ ಹೊತ್ತುಕೊಂಡು ಹೋಗಿತ್ತು ಅಂತ ಅದೇ ವರ್ಷ ಪೊಲೀಸರು ಕೋರ್ಟಿಗೆ ಹೇಳಿದರು. ಸಾಕ್ಷ್ಯ ನಾಶ ಮಾಡಿದ್ದಕ್ಕೆ ಆ ಕೋತಿಗೆ ಎಷ್ಟು ವರ್ಷ ಶಿಕ್ಷೆಯಾಯಿತೋ ಆಂಜನೇಯನಿಗೇ ಗೊತ್ತು.

ಇಷ್ಟೆಲ್ಲ ಶಂಕಿತರಿರುವಾಗ ಪೊಲೀಸರಿಗೆ ಶಿಕ್ಷೆ ಆಗುವುದಾದರೂ ಹೇಗೆ? ದೇಶದ ಅಪರಾಧಗಳ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) 2001ರಿಂದ 2020ರವರೆಗಿನ ಅಂಕಿಗಳನ್ನು ಪತ್ರಿಕೆಯೊಂದು ಕೂಡಿಸಿ ನೋಡಿತ್ತು. 20 ವರ್ಷದಲ್ಲಿ 1,888 ಕಸ್ಟಡಿ ಸಾವು. ಪೊಲೀಸರ ಮೇಲೆ ದಾಖಲಾದ ಕೇಸು 893. ಚಾರ್ಜ್‌ಶೀಟ್ ಆದವರು 358. ಶಿಕ್ಷೆಯಾದವರು 26. ಇಪ್ಪತ್ತಾರು ಸಾವಿರ ಅಲ್ಲ, ಇಪ್ಪತ್ತಾರು ಜನ. ಎನ್‌ಸಿಆರ್‌ಬಿ ಪಟ್ಟಿಯಲ್ಲಿ ಸಾವಿನ ಕಾರಣಕ್ಕೆ ಬೇರೆ ಬೇರೆ ಕಾಲಮ್ಮುಗಳಿವೆ. ಆತ್ಮಹತ್ಯೆ, ಕಾಯಿಲೆ, ತಪ್ಪಿಸಿಕೊಳ್ಳುವಾಗ ಆದದ್ದು. ನನಗೆ ಇಷ್ಟವಾದ ಕಾಲಮ್ಮು ಇನ್ನೊಂದಿದೆ: ವಶಕ್ಕೆ ಪಡೆಯುವ ಮುಂಚೆಯೇ ಆಗಿದ್ದ ಗಾಯ. ಮನುಷ್ಯ ಮನೆಯಿಂದಲೇ ಗಾಯ ತಂದುಕೊಂಡು, ಅದನ್ನು ಠಾಣೆಯವರೆಗೆ ಕಾಪಾಡಿಕೊಂಡು ಬಂದು, ಲಾಕಪ್ಪಿನಲ್ಲಿ ಬಿಚ್ಚಿದ್ದಾನೆ. ಪೊಲೀಸರ ಹೊಡೆತದಿಂದ ಅನ್ನುವ ಕಾಲಮ್ಮೂ ಉಂಟು. ಅದು ಪಟ್ಟಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ, ಒಲ್ಲದ ನೆಂಟನ ಹಾಗೆ ಕೂತಿರುತ್ತದೆ.

ಇನ್ನು ಟಿವಿ ಚರ್ಚೆ. ಯಾವ ರಾಜ್ಯದಲ್ಲಿ ಯಾರು ಸತ್ತರೂ ಮಾತು ಮಾತ್ರ ಬದಲಾಗುವುದಿಲ್ಲ. ಮೊದಲನೆಯವರು ಕೇಳುತ್ತಾರೆ: ‘ಸತ್ತವನೇನು ಸಾಚಾ ಆಗಿದ್ನಾ?’ ಇದಕ್ಕೆ ಉತ್ತರ ಕೊಡೋಕೆ ಸತ್ತವನು ಪ್ಯಾನೆಲ್ಲಿನಲ್ಲಿ ಇರುವುದಿಲ್ಲ. ಎರಡನೆಯವರು: ‘ಪೊಲೀಸರಿಗೆ ಮಾನವ ಹಕ್ಕು ಇಲ್ವಾ?’ ಇದೆ ಸ್ವಾಮಿ, ಖಂಡಿತ ಇದೆ. ವಾರದ ರಜೆ ಸಿಗದ, ಬಂದೋಬಸ್ತಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡ ಕಾನ್‌ಸ್ಟೆಬಲ್‌ನ ಹಕ್ಕಿನ ಬಗ್ಗೆ ಮಾತಾಡಿ ಅಂದರೆ ಮಾತ್ರ ಇವರೇ ಜಾಹೀರಾತಿಗೆ ಹೋಗಿಬಿಡುತ್ತಾರೆ. ಮೂರನೆಯವರು ಮಾಜಿ ಅಧಿಕಾರಿ. ಅವರದ್ದು ಒಂದೇ ಚಿಂತೆ: ಇಲಾಖೆಯ ನೈತಿಕ ಸ್ಥೈರ್ಯ ಕುಗ್ಗುತ್ತದೆ. ಈ ಸ್ಥೈರ್ಯದ ಗುಣವೇ ನನಗೆ ಅರ್ಥವಾಗಿಲ್ಲ. ಕಳ್ಳನ ಕೈಯಲ್ಲಿ ಮಚ್ಚು ಕಂಡರೆ ಕುಗ್ಗದ ಸ್ಥೈರ್ಯ ಗೋಡೆಯ ಮೇಲೆ ಕ್ಯಾಮೆರಾ ಕಂಡರೆ ಕುಗ್ಗುತ್ತದೆ.

ನಮ್ಮ ಕರ್ನಾಟಕದವರು ಸುಮ್ನೆ ನಗಬೇಕಾಗಿಲ್ಲ. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ಒಬ್ಬರು ತೀರಿಕೊಂಡರು. ಜನ ಠಾಣೆಗೆ ನುಗ್ಗಿ ಕಲ್ಲು ತೂರಿದರು, ಪೊಲೀಸರಿಗೂ ಪೆಟ್ಟಾಯಿತು. ಇದು ಲಾಕಪ್ ಡೆತ್ ಅಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಆದರೂ ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪು ಅಂತ. ಅದೊಂದು ಪ್ರಕರಣ ಬಿಡಿ, ಈ ಎಫ್‌ಐಆರ್ ಇಲ್ಲದೆ ಕರೆತರುವ ಪದ್ಧತಿ ಎಲ್ಲ ಕಡೆಯೂ ಇದೆ. ಎಂಥಾ ಅನುಕೂಲ ನೋಡಿ. ಎಫ್‌ಐಆರ್ ಇಲ್ಲ, ಹಾಗಾಗಿ ಬಂಧನ ಇಲ್ಲ. ಬಂಧನ ಇಲ್ಲ, ಹಾಗಾಗಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಗಿಲ್ಲ. ಸ್ಟೇಷನ್ ಡೈರಿಯಲ್ಲಿ ಹೆಸರೇ ಇಲ್ಲದವನು ಸ್ಟೇಷನ್ನಿನಲ್ಲಿ ಸಾಯುವುದು ಹೇಗೆ? ಟೀ ಕುಡಿಯೋಕೆ ಬಂದಿದ್ದ, ಅಷ್ಟೇ. ಇನ್ನು ಅಮಾನತು ಅಂದರೆ ಏನೋ ಘೋರ ಶಿಕ್ಷೆ ಅಂತ ನಾವು ಚಪ್ಪಾಳೆ ತಟ್ಟುತ್ತೇವೆ. ಅರ್ಧ ಸಂಬಳ ಮನೆಗೆ ಬರುತ್ತದೆ, ಗದ್ದಲ ಅಡಗಿದ ಮೇಲೆ ಬೇರೆ ಠಾಣೆ ಸಿಗುತ್ತದೆ.

ದೆಹಲಿಯಲ್ಲಂತೂ ಕಾಗದಗಳಿಗೆ ಬರ ಇಲ್ಲ. ವಶದಲ್ಲಿದ್ದವನಿಗೆ ಗಾಯವಾದರೆ ಅದು ಆ ಪೊಲೀಸರಿಂದಲೇ ಆದದ್ದು ಅಂತ ಕೋರ್ಟ್ ಭಾವಿಸಬಹುದು, ಹೀಗೊಂದು ಕಲಂ ಸೇರಿಸಿ ಅಂತ ಕಾನೂನು ಆಯೋಗ 1985ರಲ್ಲೇ ತನ್ನ 113ನೇ ವರದಿಯಲ್ಲಿ ಬರೆದಿತ್ತು. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯನ್ನು ತೆಗೆದುಹಾಕಿ 2024ರ ಜುಲೈ 1ರಿಂದ ಹೊಸ ಭಾರತೀಯ ಕಾಯ್ದೆ ಬಂತು. ಆ ಕಲಂ ಬರಲಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಸಹಿ ಹಾಕಿದ ಪೆನ್ನಿನ ಇಂಕು ಖಾಲಿಯಾಯಿತೋ ಏನೋ, ಅದನ್ನು ಅನುಮೋದಿಸುವ ಕೆಲಸ ಹಾಗೇ ಉಳಿಯಿತು. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಪಾಸು ಮಾಡಿತು. ಅದು ರಾಜ್ಯಸಭೆಗೆ ಹೋಗಿ, ಆಯ್ಕೆ ಸಮಿತಿಯ ವಶಕ್ಕೆ ಸಿಕ್ಕಿ, ಕೊನೆಗೆ ಅಸುನೀಗಿತು. ಮಸೂದೆಯದ್ದೂ ಕಸ್ಟಡಿ ಸಾವೇ.

ಹಾಗಿದ್ದರೂ ಹೊಡೆಯುವುದು ಯಾಕೆ? ಕೆಲವರು ಕ್ರೂರಿಗಳು ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಠಾಣೆಯವರನ್ನು ಕೇಳಿದರೆ ‘ರಿಕವರಿ’ ಅನ್ನುತ್ತಾರೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಆರೋಪಿ ಹೇಳಿದ ಜಾಗದಲ್ಲಿ ಸರ ಸಿಕ್ಕರೆ, ಚಾಕು ಸಿಕ್ಕರೆ, ಅಷ್ಟರ ಮಟ್ಟಿಗೆ ಅವನ ಮಾತು ನಡೆಯುತ್ತದೆ. ಬೆರಳಚ್ಚು, ಲ್ಯಾಬ್ ರಿಪೋರ್ಟು ಅಂತ ಕಾಯುತ್ತಾ ಕೂರುವಷ್ಟು ವ್ಯವಧಾನ ಮೇಲಿನವರಿಗಿಲ್ಲ. ‘ಸಂಜೆಯೊಳಗೆ ರಿಕವರಿ ಆಗಬೇಕು’ ಅಂತ ಫೋನು ಬರುತ್ತದೆ. ಹೇಗೆ ಅಂತ ಅವರು ಹೇಳುವುದಿಲ್ಲ, ಇವರು ಕೇಳುವುದಿಲ್ಲ. ಸತ್ತ ಮೇಲೆ ಸಿಕ್ಕಿಹಾಕಿಕೊಳ್ಳುವವರಲ್ಲಿ ಫೋನು ಮಾಡಿದವರ ಹೆಸರು ಎಂದಾದರೂ ಕೇಳಿದ್ದೀರಾ?

ಕೇಸು ಕೊನೆ ಮುಟ್ಟಿದರೂ ಏನಾಗುತ್ತದೆ ಅನ್ನುವುದನ್ನು ಕೇರಳದ ಒಬ್ಬ ತಾಯಿಯನ್ನು ಕೇಳಬೇಕು. 2005ರಲ್ಲಿ ತಿರುವನಂತಪುರದಲ್ಲಿ ಅವರ ಮಗನನ್ನು ಠಾಣೆಗೆ ಕರೆದೊಯ್ದರು. ಬಡವನ ಜೇಬಿನಲ್ಲಿ ಸುಮಾರು 4,000 ರೂಪಾಯಿ ಇದ್ದದ್ದೇ ಅನುಮಾನಕ್ಕೆ ಕಾರಣ. ತೊಡೆಯ ಮೇಲೆ ಕಬ್ಬಿಣದ ಪೈಪು ಉರುಳಿಸಿ ಕೊಂದರು ಅನ್ನುವುದು ಆರೋಪ. ಸಾಕ್ಷಿಗಳು ತಿರುಗಿಬಿದ್ದರು, ಕೇಸು ಸಿಬಿಐಗೆ ಹೋಯಿತು, 2018ರಲ್ಲಿ ಸಿಬಿಐ ಕೋರ್ಟ್ ಇಬ್ಬರು ಪೊಲೀಸರಿಗೆ ಮರಣದಂಡನೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಹೈಕೋರ್ಟ್, ತನಿಖೆಯಲ್ಲೇ ಲೋಪವಿದೆ ಅಂತ ಎಲ್ಲರನ್ನೂ ಬಿಟ್ಟಿತು. ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. 20 ವರ್ಷ ಆದ ಮೇಲೆ ಕಾನೂನಿನ ಲೆಕ್ಕದಲ್ಲಿ ಅವರ ಮಗನನ್ನು ಯಾರೂ ಕೊಂದಿಲ್ಲ.

ಇಷ್ಟು ಬರೆದು ಪೊಲೀಸರನ್ನು ಮಾತ್ರ ಬೈದರೆ ಪಕ್ಷಪಾತವಾಗುತ್ತದೆ. ನಾವಿದ್ದೇವಲ್ಲ! ಬೆಳಿಗ್ಗೆ ಪೇಪರಿನಲ್ಲಿ ಲಾಕಪ್ ಡೆತ್ ಸುದ್ದಿ ಓದಿ ‘ಛೇ, ರಾಕ್ಷಸರು’ ಅಂತ ಲೊಚಗುಟ್ಟುತ್ತೇವೆ. ಮಧ್ಯಾಹ್ನ ಎನ್‌ಕೌಂಟರ್ ಸುದ್ದಿ ಬಂದರೆ ಪಟಾಕಿ ಹೊಡೆಯುತ್ತೇವೆ. ಸಂಜೆ ಮನೆ ಮುಂದೆ ನಿಲ್ಲಿಸಿದ್ದ ಸ್ಕೂಟರ್ ಕಾಣದಿದ್ದರೆ, ಪಕ್ಕದ ಕಟ್ಟಡದ ಕೂಲಿ ಹುಡುಗನ ಮೇಲೆ ನಮಗೆ ಅನುಮಾನ ಬರುತ್ತದೆ. ಅನುಮಾನಕ್ಕೆ ಆಧಾರ ಕೇಳಬೇಡಿ, ಅವನು ನಮ್ಮ ಕಡೆಯವನಲ್ಲ, ಸಾಕಲ್ವಾ? ಪರಿಚಯದ ಸಾಹೇಬರಿಗೆ ಫೋನು ಹೋಗುತ್ತದೆ.

‘ಸಾರ್, ಸ್ವಲ್ಪ ಚೆನ್ನಾಗಿ ವಿಚಾರಿಸಿ ಸಾರ್.’

‘ಬಾಯಿ ಬಿಡಿಸೋಣ ಬಿಡಿ.’

‘ಜಾಸ್ತಿ ಏನೂ ಬೇಡ ಸಾರ್. ನಾಲ್ಕೇಟು ಹಾಕಿದ್ರೆ ಸಾಕು. ಆಮೇಲೆ ಏನೂ ತೊಂದರೆ ಆಗಲ್ಲ ತಾನೇ?’

‘ಏನೂ ಆಗಲ್ಲ. ಕ್ಯಾಮೆರಾ ರಿಪೇರಿಗೆ ಕೊಟ್ಟಿದೀವಿ. ನೀವು ಗಾಡಿಯ ಆರ್‌ಸಿ ಜೆರಾಕ್ಸ್ ಕಳಿಸಿ.’